ಗಿಟಾರಿನ ಒಡಲಿಗೆ ಹೊಸ ಬಣ್ಣ

ಮರದ ವಾದ್ಯಕ್ಕೆ ಬಣ್ಣ ಹಾಕುವುದು ಕೇವಲ ಕೈಚಳಕದ ಕೆಲಸವೆಂದು ಅನೇಕರು ಭಾವಿಸುತ್ತಾರೆ. ಆದರೆ ಅದರಲ್ಲಿ ಭೌತವಿಜ್ಞಾನದ ಹಲವು ನಿಯಮಗಳು ಅಡಗಿವೆ. ಅವುಗಳನ್ನು ಅರಿತವರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಅರಿಯದೆ ಅವಸರಪಟ್ಟರೆ ವಾರಗಳ ದುಡಿಮೆ ಒಂದು ಗಂಟೆಯಲ್ಲಿ ಕೆಟ್ಟುಹೋಗುತ್ತದೆ.

ಗಟ್ಟಿ ಒಡಲಿನ ವಿದ್ಯುತ್ ಗಿಟಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1950ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೊ ಫೆಂಡರ್ ಮಾರುಕಟ್ಟೆಗೆ ತಂದ ಇಂಥ ಗಿಟಾರುಗಳಿಗೆ ಆ್ಯಶ್ ಮರದ ಒಡಲೂ ನೈಟ್ರೊಸೆಲ್ಯುಲೋಸ್ ಲ್ಯಾಕರಿನ ಲೇಪವೂ ಇದ್ದವು. 1920ರ ದಶಕದಲ್ಲಿ ಮೋಟಾರು ಕಾರುಗಳಿಗೆ ಬಳಕೆಗೆ ಬಂದ ಲೇಪವೇ ಇದು.

ಮರದ ದುರಸ್ತಿ

ಮೊದಲು ತಂತಿ, ಕತ್ತು ಮತ್ತು ವಿದ್ಯುತ್ ಭಾಗಗಳನ್ನು ಬಿಚ್ಚಿಟ್ಟು, ಹಳೆಯ ಬಣ್ಣವನ್ನು ಮರಳುಕಾಗದದಿಂದ ಉಜ್ಜಿ ತೆಗೆಯಬೇಕು. ಪೆಟ್ಟಿನಿಂದ ನೆಗ್ಗಿದ ಕಡೆ ಮರದ ನಾರುಗಳು ಅದುಮಲ್ಪಟ್ಟಿರುತ್ತವೆ. ಅಲ್ಲಿ ಒದ್ದೆ ಬಟ್ಟೆಯನ್ನಿಟ್ಟು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಕ್ಷಣ ಒತ್ತಿದರೆ, ಹಬೆಯನ್ನು ಹೀರಿದ ನಾರುಗಳು ಉಬ್ಬಿ ಮೇಲೇಳುತ್ತವೆ. ನಾರುಗಳೇ ತುಂಡಾಗಿದ್ದರೆ ಈ ಉಪಾಯ ಫಲಿಸದು. ಅಲ್ಲಿ ಮರದ ಪುಟ್ಟಿಯನ್ನು ತುಂಬಬೇಕು. ಬಿರುಕುಗಳಿಗೆ ಮರದ ಅಂಟನ್ನು ಸೇರಿಸಿ ಬಿಗಿದಿಡಬೇಕು. ತೇವವೆಲ್ಲ ಆರಿದ ಮೇಲೆ ಎಳೆಗಳ ದಿಕ್ಕಿನಲ್ಲಿಯೇ ಉಜ್ಜಿ ನಯಗೊಳಿಸತಕ್ಕದ್ದು. ಆ್ಯಶ್ ಮರದ ರಂಧ್ರಗಳು ದೊಡ್ಡವು. ಅವುಗಳನ್ನೂ ಮೊದಲೇ ತುಂಬದಿದ್ದರೆ ಬಣ್ಣ ಅಲ್ಲಲ್ಲಿ ಕುಸಿದು ಕಾಣುತ್ತದೆ.

ತುಂತುರಿನ ರಹಸ್ಯ

ಒಂದು ಮಿಲಿಮೀಟರ್ ವ್ಯಾಸದ ಹನಿಯನ್ನು ಅದರ ಇಪ್ಪತ್ತನೆಯ ಒಂದರಷ್ಟು ವ್ಯಾಸದ ಹನಿಗಳಾಗಿ ಒಡೆದರೆ 8000 ಹನಿಗಳಾಗುತ್ತವೆ. ಒಟ್ಟು ಮೇಲ್ಮೈ 20 ಪಟ್ಟು ಹೆಚ್ಚುತ್ತದೆ. ಆದುದರಿಂದಲೇ ತುಂತುರಿನಲ್ಲಿರುವ ದ್ರಾವಕ ಬೇಗನೆ ಆವಿಯಾಗುತ್ತದೆ. ಗನ್ನನ್ನು ಬಹು ದೂರ ಹಿಡಿದರೆ ಹನಿಗಳು ದಾರಿಯಲ್ಲಿಯೇ ಒಣಗಿ ಮೇಲ್ಮೈ ಒರಟಾಗುತ್ತದೆ. ಬಹು ಸಮೀಪ ಹಿಡಿದರೆ ಬಣ್ಣ ಸೋರುತ್ತದೆ. ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ಅಂತರ ಯೋಗ್ಯ.

ಲೇಪ ತೆಳುವಾಗಿರಬೇಕೆಂಬುದಕ್ಕೆ ಎರಡು ಕಾರಣಗಳಿವೆ. ನಿಂತಿರುವ ಮೇಲ್ಮೈಯ ಮೇಲೆ ದ್ರವಪದರ ಜಾರುವ ವೇಗವು ಅದರ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಇಮ್ಮಡಿಯಾದರೆ ವೇಗ ನಾಲ್ಮಡಿ. ಸೋರುವ ಪ್ರಮಾಣವಾದರೋ ಎಂಟು ಪಟ್ಟು! ದ್ರಾವಕವು ಪದರದೊಳಗಿನಿಂದ ಹೊರಬರಲು ಬೇಕಾಗುವ ಕಾಲವೂ ಸುಮಾರಾಗಿ ದಪ್ಪದ ವರ್ಗದಂತೆಯೇ ಹೆಚ್ಚುತ್ತದೆ. ಒಂದು ದಪ್ಪ ಲೇಪಕ್ಕಿಂತ ಹಲವು ತೆಳುಲೇಪಗಳು ಲೇಸೆನ್ನುವುದು ಇದರಿಂದಲೇ.

ತೇವಾಂಶದ ಅಪಾಯ

ದ್ರಾವಕ ಆವಿಯಾಗುವಾಗ ಗುಪ್ತೋಷ್ಣವನ್ನು ಹೀರುವುದರಿಂದ ಲೇಪ ತಣ್ಣಗಾಗುತ್ತದೆ. ಅದರ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ಗಾಳಿಯ ನೀರಾವಿ ಅದರ ಮೇಲೆ ಸಾಂದ್ರೀಕರಿಸಿ, ಲ್ಯಾಕರು ಹಾಲಿನಂತೆ ಬೆಳ್ಳಗಾಗುತ್ತದೆ. ಉಷ್ಣತೆ 28 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ಶೇಕಡ 80 ಇದ್ದಾಗ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಆರ್ದ್ರತೆ ಶೇಕಡ 50 ಆದರೆ ಸುಮಾರು 17 ಡಿಗ್ರಿ. ಮೊದಲನೆಯದರಲ್ಲಿ ಕೇವಲ ನಾಲ್ಕು ಡಿಗ್ರಿ ತಂಪು ಸಾಕು, ಕೆಲಸ ಕೆಡಲು. ಕರಾವಳಿಯ ಮಳೆಗಾಲದಲ್ಲಿ ಈ ಕೆಲಸ ಸಲ್ಲದೆಂಬುದು ಸ್ಪಷ್ಟ. ಪ್ರಯೋಗಶಾಲೆಯ ಒಣ ಮತ್ತು ತೇವ ಬಲ್ಬಿನ ಉಷ್ಣತಾಮಾಪಕಗಳನ್ನು ಬಲ್ಲ ವಿದ್ಯಾರ್ಥಿ ಯೋಗ್ಯವಾದ ದಿನವನ್ನು ತಾನೇ ಆರಿಸಿಕೊಳ್ಳಬಹುದು.

ಎಚ್ಚರಿಕೆ

ದ್ರಾವಕದ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ತಲಪಿ ಹೊತ್ತಿಕೊಳ್ಳಬಲ್ಲದು. ಆದಕಾರಣ ಬೆಂಕಿಯ ಸುಳಿವಿಲ್ಲದ ಬಯಲಿನಲ್ಲಿಯೇ ಸಿಂಪಡಿಸತಕ್ಕದ್ದು. ಬಾಯಿಗೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯದು. ಸಕ್ರಿಯ ಇದ್ದಿಲಿನ ಶೋಧಕವುಳ್ಳ ಮುಖವಾಡವೇ ಬೇಕು. ಐಸೊಸಯನೇಟುಗಳಿರುವ ಎರಡು ಭಾಗದ ಪಾಲಿಯುರಿಥೇನ್ ಬಣ್ಣಗಳನ್ನು ಮನೆಯಲ್ಲಿ ಸಿಂಪಡಿಸಲೇಬಾರದು.

ಕೊನೆಯ ಲೇಪ ಮುಟ್ಟಿದರೆ ಒಣಗಿದಂತೆ ತೋರಿದರೂ ಒಳಗಿನ ದ್ರಾವಕ ಹೊರಡಲು ವಾರಗಳೇ ಹಿಡಿಯುತ್ತವೆ. ಅಷ್ಟು ಕಾಲ ಕಾದು ಅನಂತರ ಹೊಳಪು ಕೊಟ್ಟರೆ ಆ ಹೊಳಪು ಬಹುಕಾಲ ನಿಲ್ಲುತ್ತದೆ.