ಕಡಲ ತಡಿಯ ಹಳೆಯ ಕಾರು: ಸಾಮಾನ್ಯ ದೋಷಗಳು ಮತ್ತು ಮನೆಯಲ್ಲೇ ಮಾಡಬಹುದಾದ ದುರಸ್ತಿ

ಪಣಂಬೂರಿನಂತಹ ಕಡಲ ತಡಿಯಲ್ಲಿ ಹಳೆಯ ಕಾರು ಓಡಿ ಸವೆಯುವುದಕ್ಕಿಂತ ನಿಂತಲ್ಲಿ ತುಕ್ಕು ಹಿಡಿದು ಹಾಳಾಗುವುದೇ ಹೆಚ್ಚು. ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಎಂಜಿನ್ ಸೋತ ಮೇಲೂ ಕಾರಿನ ತಗಡು ಗಟ್ಟಿಯಾಗಿರುತ್ತದೆ. ಇಲ್ಲಿ ಎಂಜಿನ್ ಸೊಗಸಾಗಿ ಓಡುತ್ತಿರುವಾಗಲೇ ಕಾಲಡಿಯ ತಗಡು ತೂತಾಗಿರುತ್ತದೆ.

ರೈತ ಕುಟುಂಬಗಳಲ್ಲಿ ಇಂದಿಗೂ ಉಳಿದಿರುವ ಮಾರುತಿ 800 ಕಾರು ಮೊದಲು ರಸ್ತೆಗಿಳಿದುದು 1983ರ ಡಿಸೆಂಬರಿನಲ್ಲಿ. ಅದರ ತಯಾರಿಕೆ ನಿಂತುದು 2014ರ ಜನವರಿಯಲ್ಲಿ. ಅಂದರೆ ಆ ಮಾದರಿಯ ಅತ್ಯಂತ ಕಿರಿಯ ಕಾರಿಗೂ ಹತ್ತು ವರ್ಷ ಮೀರಿದೆ. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ; ಅನಂತರ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆಯ ಹಿಂದಿನ ವಾರ ಬಣ್ಣ ಬಳಿಸುವ ರೂಢಿಯೊಂದಿದೆ. ಅದರಿಂದ ಕಾರು ಚೆಂದ ಕಾಣುತ್ತದೆ, ಗಟ್ಟಿಯಾಗುವುದಿಲ್ಲ.

ತುಕ್ಕಿಗೆ ಕಾರಣ

ಆಟಿ ತಿಂಗಳಿನಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ಎಲ್ಲರೂ ಬಲ್ಲರು. ಕಡಲ ಗಾಳಿಯೊಂದಿಗೆ ಬಂದು ಕಾರಿನ ಮೇಲೆ ಕೂರುವ ಉಪ್ಪಿನ ಕಣಗಳೂ ಹಾಗೆಯೇ ಗಾಳಿಯ ತೇವವನ್ನು ಹೀರಿ ತಗಡಿನ ಮೇಲೆ ಸದಾ ಒದ್ದೆಯಾಗಿರುತ್ತವೆ. ಈ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ಆರ್ದ್ರತೆ ಶೇಕಡಾ 35ರಷ್ಟಿದ್ದರೂ ನೀರು ಹಿಡಿಯುತ್ತದೆ. ಕರಾವಳಿಯ ಗಾಳಿ ಅಷ್ಟು ಒಣಗುವ ದಿನಗಳೇ ಅಪರೂಪ.

ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ ಉಪ್ಪನ್ನು ತೊಳೆದುಬಿಡುತ್ತದಲ್ಲ ಎಂಬ ಸಂದೇಹ ಸಹಜ. ಮಳೆ ತೊಳೆಯುವುದು ಮಾಡು, ಬಾನೆಟ್‌ಗಳನ್ನು ಮಾತ್ರ. ಮಡ್‌ಗಾರ್ಡಿನ ಒಳಮೈ, ಕಾರಿನ ತಳ, ಬಾಗಿಲ ಕೆಳಗಿನ ಪೆಟ್ಟಿಗೆಯಂತಹ ಪಟ್ಟಿ, ಇಲ್ಲೆಲ್ಲ ಉಪ್ಪು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರನ್ನೂ ತೊಳೆಯಲೇಬೇಕು. ವಾರಕ್ಕೊಮ್ಮೆ, ಕಡಲ ಕಿನಾರೆಗೆ ಹೋಗಿ ಬಂದರೆ ಅದೇ ದಿನ, ಪಿಚಕಾರಿ ಕೊಳವೆಯಿಂದ ತಳಭಾಗಕ್ಕೆ ಸಿಹಿನೀರು ಹಾಯಿಸಬೇಕು. ತೀರದ ಬಾವಿಯ ನೀರು ಸವುಳಾಗಿದ್ದರೆ ಅದು ಈ ಕೆಲಸಕ್ಕೆ ಬಾರದು. ಮಾಡಿನಿಂದ ಹಿಡಿದಿಟ್ಟ ಮಳೆನೀರು ಉತ್ತಮ.

ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಇವು ಮಣ್ಣಿನಿಂದ ಕಟ್ಟಿಕೊಂಡರೆ ಬಾಗಿಲೇ ನೀರಿನ ತೊಟ್ಟಿಯಾಗುತ್ತದೆ. ಹಿಡಿಸೂಡಿಯ ಒಂದು ಕಡ್ಡಿಯಿಂದ ಇವನ್ನು ಬಿಡಿಸಬಹುದು. ಖರ್ಚಿಲ್ಲದ ಈ ಕೆಲಸವನ್ನು ಮೇ ತಿಂಗಳಲ್ಲಿ ಮಾಡಿದರೆ ಮುಂದೆ ಬಾಗಿಲಿಗೆ ತಗಡು ಬೆಸೆಯುವ ಖರ್ಚು ಉಳಿಯುತ್ತದೆ. ಮುಂಗಾಜಿನ ಬುಡದಲ್ಲಿ ಸೇರುವ ತರಗೆಲೆಗಳನ್ನೂ ತೆಗೆಯಬೇಕು. ಕಾಲಡಿಯ ಚಾಪೆ ಒದ್ದೆಯಾಗಲು ಅದೇ ಕಾರಣವಾಗಿರುವುದುಂಟು. ಚಾಪೆಯನ್ನು ಎತ್ತಿ ಒಣಗಿಸದೆ ಬಿಟ್ಟರೆ ತಗಡು ಒಳಗಿನಿಂದಲೇ ಕೊಳೆಯುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸುವುದೂ ತಪ್ಪು. ಗಾಳಿಯಾಡುವ ಚಪ್ಪರ ಸಾಕು.

ತುಕ್ಕಿನ ಚಿಕಿತ್ಸೆ

ಬಣ್ಣ ಉಬ್ಬಿದ ಜಾಗ ರೂಪಾಯಿ ಅಗಲವಿರುವಾಗಲೇ ಕೈಹಾಕಬೇಕು. ಮೊದಲು ಸಿಹಿನೀರಿನಿಂದ ತೊಳೆದು ಒಣಗಿಸಿ, ತಂತಿಯ ಬ್ರಷ್ಷಿನಿಂದಲೂ ಮರಳು ಕಾಗದದಿಂದಲೂ ಹೊಳೆಯುವ ತಗಡು ಕಾಣುವವರೆಗೆ ಉಜ್ಜಬೇಕು. ಅನಂತರ ಮತ್ತೊಮ್ಮೆ ತೊಳೆಯಬೇಕು. ಈ ಎರಡನೆಯ ತೊಳೆತವನ್ನು ಬಹುಮಂದಿ ಬಿಟ್ಟುಬಿಡುತ್ತಾರೆ. ತುಕ್ಕಿನ ಗುಳಿಗಳಲ್ಲಿ ಉಳಿದ ಉಪ್ಪು ಹೊಸ ಬಣ್ಣದ ಅಡಿಯಲ್ಲಿ ತೇವ ಹಿಡಿದು ಮುಂದಿನ ಮಳೆಗಾಲಕ್ಕೆ ಪುನಃ ಉಬ್ಬುತ್ತದೆ; ಬೈಗುಳ ಬಣ್ಣದ ಕಂಪೆನಿಗೆ. ಚೆನ್ನಾಗಿ ಒಣಗಿದ ಮೇಲೆ ಸತು ಬೆರೆತ ಪ್ರೈಮರನ್ನೋ ರೆಡ್ ಆಕ್ಸೈಡನ್ನೋ ಬಳಿದು, ಅದು ಒಣಗಿದ ಬಳಿಕ ಎರಡು ಕೈ ಬಣ್ಣ ಕೊಡಬೇಕು. ಈ ಕೆಲಸಕ್ಕೆ ಜನವರಿ, ಫೆಬ್ರವರಿ ತಿಂಗಳುಗಳು ಸೂಕ್ತ.

ಹಳೆಯ ಎಂಜಿನ್ ಎಣ್ಣೆಯನ್ನು ತಳಕ್ಕೆ ಬಳಿಯುವ ಪದ್ಧತಿ ಒಳ್ಳೆಯದಲ್ಲ. ಅದು ರಬ್ಬರಿನ ಬುಷ್‌ಗಳನ್ನು ಮೆತ್ತಗಾಗಿಸುತ್ತದೆ, ಅಂಗಳಕ್ಕೆ ತೊಟ್ಟಿಕ್ಕಿ ಬಾವಿಯ ನೀರನ್ನೂ ಕೆಡಿಸುತ್ತದೆ.

ಗೊಬ್ಬರ, ಮೈಲುತುತ್ತ

ರೈತರ ಕಾರುಗಳಿಗೆ ಕಡಲ ಉಪ್ಪಿನ ಜೊತೆಗೆ ಇನ್ನೊಂದು ಕಾಟವಿದೆ. ಪಣಂಬೂರಿನಲ್ಲಿ 1976ರಲ್ಲಿ ಗೊಬ್ಬರದ ಕಾರ್ಖಾನೆ ಉತ್ಪಾದನೆ ಆರಂಭಿಸಿದಂದಿನಿಂದ ಜಿಲ್ಲೆಯ ರೈತರಿಗೆ ಯೂರಿಯಾ ಚೀಲ ಮನೆಯ ವಸ್ತುವೇ ಆಗಿದೆ. ಒಂದೆರಡು ಚೀಲಗಳಿಗಾಗಿ ಬೇರೆ ಗಾಡಿ ಮಾಡುವುದೇಕೆಂದು ಕಾರಿನ ಡಿಕ್ಕಿಯಲ್ಲೇ ತರುತ್ತಾರೆ. ಯೂರಿಯಾಕ್ಕಿಂತ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹೆಚ್ಚು ಅಪಾಯಕಾರಿ. ಅದರ ತೂಕದ ಅರ್ಧಕ್ಕೆ ಸಮೀಪ ಕ್ಲೋರಿನ್ ಅಂಶವೇ ಇರುವುದರಿಂದ, ಚೆಲ್ಲಿದ ಒಂದು ಹಿಡಿ ಪೊಟ್ಯಾಷ್ ಡಿಕ್ಕಿಯ ಮೂಲೆಯಲ್ಲಿ ಕಡಲ ಉಪ್ಪಿನ ಕೆಲಸವನ್ನೇ ಮಾಡುತ್ತದೆ.

ಅಡಿಕೆಯ ಕೊಳೆರೋಗಕ್ಕೆ ತರುವ ಮೈಲುತುತ್ತ ಇದಕ್ಕಿಂತಲೂ ಕೆಟ್ಟದ್ದು. ಬೋರ್ಡೋ ದ್ರಾವಣದ ಪರೀಕ್ಷೆ ರೈತರಿಗೆ ತಿಳಿದದ್ದೇ: ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಲೇಪ ತಾಮ್ರ. ತಾಮ್ರ ಬಂದು ಕೂರುವಾಗ ಅಷ್ಟೇ ಪ್ರಮಾಣದಲ್ಲಿ ಚಾಕುವಿನ ಕಬ್ಬಿಣ ಕರಗಿ ಹೋಗಿರುತ್ತದೆ. ಡಿಕ್ಕಿಯಲ್ಲಿ ಒದ್ದೆಯಾದ ಮೈಲುತುತ್ತದ ಪೊಟ್ಟಣ ಕಾರಿನ ತಗಡಿಗೆ ಮಾಡುವುದೂ ಇದನ್ನೇ. ಆದ್ದರಿಂದ ಇಂತಹ ವಸ್ತುಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲೇ ತರಬೇಕು. ಚೆಲ್ಲಿದರೆ ಗುಡಿಸಿ, ಧಾರಾಳ ನೀರಿನಿಂದ ತೊಳೆದು ಒಣಗಿಸಬೇಕು.

ಕಾರು ಹೊರಡದಿದ್ದರೆ

ಸ್ಟಾರ್ಟರ್ ನಿಧಾನವಾಗಿ ತಿರುಗಿದ ಕೂಡಲೇ ಹೊಸ ಬ್ಯಾಟರಿ ಕೊಳ್ಳುವುದು ದುಡುಕು. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ತೋರಿಸಿದರೆ ದೋಷ ಬೇರೆಡೆ ಇದೆ. ತಂತಿಗಳನ್ನು ಕಳಚಿ (ಋಣ ತಂತಿ ಮೊದಲು), ತುದಿಗಳಲ್ಲಿ ಬೆಳೆದ ಬಿಳಿ ಹುಡಿಯನ್ನು ಅಡಿಗೆ ಸೋಡಾ ಕರಗಿಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಧನ ತಂತಿಯನ್ನು ಮೊದಲು ಜೋಡಿಸಿ ವ್ಯಾಸಲೀನ್ ಸವರಬೇಕು. ಬ್ಯಾಟರಿಯಿಂದ ಎಂಜಿನ್ನಿಗೂ ಕಾರಿನ ಮೈಗೂ ಹೋಗುವ ಅರ್ತ್ ಪಟ್ಟಿಯ ಬೋಲ್ಟಿನಡಿ ತುಕ್ಕು ಸೇರುವುದು ಕರಾವಳಿಯ ಕಾರುಗಳಲ್ಲಿ ಬಹಳ ಸಾಮಾನ್ಯ. ಅದನ್ನು ಬಿಚ್ಚಿ ಉಜ್ಜಿ ಬಿಗಿದರೆ ಮಂಕಾದ ದೀಪಗಳೂ ಬೆಳಗುವುದುಂಟು.

ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಗಳು ಮಳೆಗಾಲದ ಬೆಳಗ್ಗೆ ಹಠ ಹಿಡಿದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ತೇವವನ್ನು ಒಣ ಬಟ್ಟೆಯಿಂದ ಒರೆಸಬೇಕು. ಮುಚ್ಚಳದಲ್ಲಿ ಕೂದಲೆಳೆಯಂತಹ ಕಪ್ಪು ಗೆರೆ ಕಂಡರೆ ಒರೆಸಿ ಫಲವಿಲ್ಲ, ಬದಲಿಸಬೇಕು.

ಬಿಸಿಯೇರುವುದಕ್ಕೆ ರೇಡಿಯೇಟರಿನ ಎಸಳುಗಳು ಉಪ್ಪಿನಿಂದ ಉದುರಿರುವುದು ಒಂದು ಕಾರಣ. ಸವುಳು ನೀರು ತುಂಬುವುದು ಇನ್ನೊಂದು. ಶುದ್ಧೀಕರಿಸಿದ ನೀರಿಗೆ ಕೂಲೆಂಟ್ ಬೆರೆಸಿಯೇ ತುಂಬಬೇಕು. ಬಿಸಿಯಿರುವಾಗ ಮುಚ್ಚಳ ತೆರೆಯಲೇಬಾರದು.

ಇತ್ತೀಚೆಗೆ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾರುಗಳ ರಬ್ಬರ್ ಕೊಳವೆಗಳು ಇದಕ್ಕಾಗಿ ತಯಾರಾದವಲ್ಲ. ಉಬ್ಬಿದ, ಬಿರಿದ, ಪೆಟ್ರೋಲ್ ವಾಸನೆ ಬರುವ ಕೊಳವೆಯನ್ನು ಕೂಡಲೇ ಬದಲಿಸಬೇಕು. ಇದು ಬೆಂಕಿಯ ವಿಷಯ.

ಮನೆಯಲ್ಲಿ ಮುಟ್ಟಬಾರದವು

ಕಾರನ್ನು ಜಾಕ್ ಕೊಟ್ಟು ಎತ್ತಿದಾಗ ಅದರ ಕೆಳಗೆ ನುಸುಳಬಾರದು. ಗಟ್ಟಿಯಾದ ಆಧಾರ ಬೇಕು. ಜಾಕ್ ಕೂರುವ ಜಾಗವೇ ತುಕ್ಕು ಹಿಡಿದು ಕುಸಿಯಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ತಳದ ಪಟ್ಟಿಗಳನ್ನು ಬಡಿದು ನೋಡಬೇಕು. ಗಟ್ಟಿ ತಗಡು ಠಣ್ಣೆನ್ನುತ್ತದೆ, ಕೊಳೆತದ್ದು ದೊಪ್ಪೆನ್ನುತ್ತದೆ. ಚಕ್ರದ ಸ್ಪ್ರಿಂಗುಗಳು ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳು ಕೂರುವಲ್ಲಿ ಇಂತಹ ಸದ್ದು ಬಂದರೆ ಪುಟ್ಟಿ, ಫೈಬರ್ ಹಚ್ಚುವುದು ಮೋಸ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು, ಅದು ನುರಿತವರ ಕೆಲಸ.

ಬ್ರೇಕಿನ ಉಕ್ಕಿನ ಕೊಳವೆಗಳು ಕಾರಿನ ತಳದಲ್ಲಿ ಹಾದುಹೋಗುತ್ತವೆ. ಅವುಗಳ ಮೇಲೆ ತುಕ್ಕಿನ ಗುಳ್ಳೆ ಎದ್ದಿದ್ದರೆ, ಎಲ್ಲಿಯಾದರೂ ಒದ್ದೆಯಾಗಿದ್ದರೆ ಅಥವಾ ಪೆಡಲ್ ಒತ್ತಿ ಹಿಡಿದಾಗ ಮೆಲ್ಲನೆ ಕೆಳಗಿಳಿದರೆ ಕಾರನ್ನು ರಸ್ತೆಗೆ ತರಬಾರದು. ಮೆಕ್ಯಾನಿಕ್ಕನನ್ನೇ ಮನೆಗೆ ಕರೆಸಬೇಕು. ಬ್ರೇಕ್ ಎಣ್ಣೆಯೂ ಗಾಳಿಯ ತೇವ ಹೀರುವಂಥದ್ದು. ನೀರು ಸೇರಿದ ಎಣ್ಣೆ ಘಾಟಿಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಕಾರಿನಲ್ಲಿ ಇದನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಬದಲಿಸಿದ ದಿನಾಂಕವನ್ನು ಬಾನೆಟ್ಟಿನ ಒಳಗೆ ಚೀಟಿಯಲ್ಲಿ ಬರೆದು ಅಂಟಿಸಬೇಕು.