ಕೂಡುರಸ್ತೆಯಲ್ಲಿ ನೋಡುವ ಕ್ರಮ

ನಮ್ಮ ಸದಸ್ಯರಲ್ಲಿ ಹಲವರು ದಿನಕ್ಕೆ ಎರಡು ಹೊತ್ತು ಕ್ಯಾನು ಕಟ್ಟಿಕೊಂಡು ಮೊಪೆಡ್ ಅಥವಾ ಬೈಕಿನಲ್ಲಿ ಸಂಘಕ್ಕೆ ಹೋಗುತ್ತಾರೆ. ಮೇವು ತರಲು ಟ್ರ್ಯಾಕ್ಟರ್ ಓಡಿಸುವವರೂ ಇದ್ದಾರೆ. ಊರ ದಾರಿ ಡಾಂಬರು ರಸ್ತೆಗೆ ಸೇರುವ ಜಾಗವನ್ನು ಕೆಲವು ಕಡೆ ಕ್ರಾಸ್, ಗೇಟ್ ಎನ್ನುತ್ತಾರೆ. ಕೆಲವು ಕಡೆ ಹ್ಯಾಂಡ್‌ಪೋಸ್ಟ್, ಕೈಮರ ಎನ್ನುತ್ತಾರೆ. ಹೆಸರು ಯಾವುದಾದರೂ ಅಪಾಯ ಒಂದೇ. ಇಂಥ ಕಡೆ ಡಿಕ್ಕಿಯಾದಾಗ “ನೋಡಿಯೇ ಹೊರಟೆ, ಏನೂ ಇರಲಿಲ್ಲ” ಎಂಬ ಮಾತು ಕೇಳಿಬರುತ್ತದೆ. ಹೇಳಿದವರು ಸುಳ್ಳು ಹೇಳುತ್ತಿಲ್ಲ. ನೋಡುವುದು ಬೇರೆ, ಕಾಣುವುದು ಬೇರೆ.

ಏಕೆ ಕಾಣುವುದಿಲ್ಲ?

ಕತ್ತನ್ನು ಸರಕ್ಕನೆ ಆಚೀಚೆ ತಿರುಗಿಸಿದಾಗ, ದೃಷ್ಟಿ ಜಿಗಿಯುವ ಆ ಕ್ಷಣದಲ್ಲಿ ಮೆದುಳಿಗೆ ಸ್ಪಷ್ಟ ಚಿತ್ರ ಸಿಗುವುದಿಲ್ಲ. ದೃಷ್ಟಿ ನಿಂತ ಕಡೆ ಮಾತ್ರ ಸರಿಯಾಗಿ ಕಾಣುತ್ತದೆ. ನಡುವೆ ಇರುವ ಬೈಕು ತಪ್ಪಿಹೋಗಬಹುದು. ಅಲ್ಲದೆ ಒಂದೇ ವೇಗದಲ್ಲಿ ಬರುತ್ತಿದ್ದರೂ ಲಾರಿಗಿಂತ ಬೈಕು ಇನ್ನೂ ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ಭ್ರಮೆಯಾಗುತ್ತದೆ. ಕಾರು, ಟೆಂಪೊಗಳ ಮುಂಗಾಜಿನ ಪಕ್ಕದ ಕಂಬವೇ ಒಂದು ಇಡೀ ಬೈಕನ್ನು ಮರೆಮಾಡಬಲ್ಲದು.

ಲೆಕ್ಕ ನೋಡಿ

ಗಂಟೆಗೆ 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಹುಲ್ಲು ತುಂಬಿದ ಟ್ರೈಲರ್ ರಸ್ತೆ ದಾಟಲು 6 ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಆ ವಾಹನ 100 ಮೀಟರ್ ಬಂದಿರುತ್ತದೆ. ಆದ್ದರಿಂದ ಹತ್ತಿರದಲ್ಲಿ ಏನೂ ಇಲ್ಲವೆಂದರೆ ಸಾಲದು. ದೂರವೂ ಖಾಲಿ ಇರಬೇಕು.

ಪಾಲಿಸಬೇಕಾದ ಕ್ರಮ

1. ಮುಖ್ಯ ರಸ್ತೆಗೆ ಸೇರುವವರು ಅಲ್ಲಿ ಸಾಗುತ್ತಿರುವ ವಾಹನಗಳಿಗೆ ದಾರಿ ಬಿಡಬೇಕು. ಸಮಾನ ರಸ್ತೆಗಳು ಕೂಡುವಲ್ಲಿ ಪೊಲೀಸರಾಗಲಿ, ಸಿಗ್ನಲ್ ಆಗಲಿ ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು.

2. ವೇಗ ತಗ್ಗಿಸಿ, ಪೂರ್ತಿ ನಿಲ್ಲಿಸಿ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ, ಹೊರಡುವ ಮುನ್ನ ಮತ್ತೆ ಬಲಕ್ಕೆ ನೋಡಿ. ನಾವು ಎಡಬದಿಯಲ್ಲಿ ಚಲಿಸುವುದರಿಂದ, ರಸ್ತೆಗೆ ಇಳಿದೊಡನೆ ಎದುರಾಗುವುದು ಬಲಗಡೆಯ ವಾಹನ.

3. ಪ್ರತಿ ಕಡೆಯೂ ದೂರ, ನಡುವೆ, ಹತ್ತಿರ ಎಂದು ಮೂರು ಕಡೆ ದೃಷ್ಟಿ ನಿಲ್ಲಿಸಿ. ಕತ್ತಿನ ಜೊತೆ ಮೈಯನ್ನೂ ತುಸು ಮುಂದೆ ಬಾಗಿಸಿ. ಕಂಬದ ಮರೆಯಲ್ಲಿದ್ದದ್ದು ಆಗ ಕಾಣುತ್ತದೆ.

4. ಬೇಲಿ, ಕಬ್ಬಿನ ಗದ್ದೆ, ನಿಂತ ಬಸ್ಸು ಅಡ್ಡವಿದ್ದರೆ ಒಂದೇ ಸಲ ನುಗ್ಗದೆ ಇಷ್ಟಿಷ್ಟೇ ಮುಂದೆ ಸರಿದು ನೋಡಿ.

5. ಲಾರಿ ಹಾದುಹೋದೊಡನೆ ಹೊರಡಬೇಡಿ. ಅದರ ಹಿಂದೆ ಬೈಕು ಇರಬಹುದು. ಎದುರು ದಿಕ್ಕಿನ ವಾಹನವೂ ಅದರ ಮರೆಯಲ್ಲಿರಬಹುದು.

6. ಎದುರಿನವರ ಇಂಡಿಕೇಟರ್ ನಂಬಿ ಹೊರಡಬೇಡಿ. ಚಕ್ರ ತಿರುಗುವುದನ್ನು ಕಂಡ ಮೇಲೆ ಹೊರಡಿ.

7. ಬಲಕ್ಕೆ ತಿರುಗುವಾಗ ಕನ್ನಡಿ ನೋಡಿ, ಒಮ್ಮೆ ಹಿಂದಿರುಗಿಯೂ ನೋಡಿ. ಹಿಂದಿನವರು ನಿಮ್ಮನ್ನು ದಾಟುತ್ತಿರಬಹುದು. ನಿಂತ ಲಾರಿಯ ಎಡಬದಿಗೆ ನುಸುಳಬೇಡಿ. ಚಾಲಕರಿಗೆ ಅಲ್ಲಿರುವವರು ಕಾಣುವುದಿಲ್ಲ.

ನಸುಕಿನಲ್ಲಿ ಹೆಚ್ಚಿನ ಎಚ್ಚರ

ಹಾಲು ಹಾಕುವ ಹೊತ್ತಿನಲ್ಲಿ ಮಂಜು, ಮಬ್ಬುಗತ್ತಲು ಇರುತ್ತದೆ. ಆಮೇಲೆ ಎಳೆಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಒಂದೇ ದೀಪ ಕಂಡರೆ ಬೈಕೆಂದು ತಿಳಿಯಬೇಡಿ, ಒಂದು ದೀಪ ಕೆಟ್ಟ ಲಾರಿಯೂ ಆಗಿರಬಹುದು. ದೀಪವೇ ಇಲ್ಲದ ಟ್ರೈಲರ್, ಎತ್ತಿನ ಗಾಡಿಗಳೂ ಬರುತ್ತವೆ. ಕಿವಿಯನ್ನೂ ಬಳಸಿ. ಹಾಲು ತುಂಬಿದ ಕ್ಯಾನುಗಳಿದ್ದಾಗ ಬ್ರೇಕ್ ಹಾಕಿದರೂ ಗಾಡಿ ಬೇಗ ನಿಲ್ಲುವುದಿಲ್ಲ, ತಿರುವಿನಲ್ಲಿ ವಾಲುತ್ತದೆ. ಕ್ಯಾನುಗಳನ್ನು ಎರಡೂ ಬದಿ ಸಮತೂಕವಾಗಿ ಕಟ್ಟಿ. ಹೆಲ್ಮೆಟ್ ಮರೆಯಬೇಡಿ.

“ಸಂಘದ ಹೊತ್ತು ಮೀರುತ್ತದೆ” ಎಂಬ ಆತುರವೇ ಎಷ್ಟೋ ಸಲ ಈ ಕ್ರಮವನ್ನು ಮರೆಸುತ್ತದೆ. ಹತ್ತು ನಿಮಿಷ ಮೊದಲೇ ಕರೆಯಲು ಕುಳಿತರೆ ಆ ಆತುರವಿರದು. ಒಂದು ಹೊತ್ತಿನ ಹಾಲು ಹೋದರೆ ಮರುದಿನ ಹಸು ಮತ್ತೆ ಕೊಡುತ್ತದೆ. ಮನೆಯ ದುಡಿಯುವ ಕೈ ಹೋದರೆ ಹಸುವಿಗೆ ಹುಲ್ಲು ಹಾಕುವವರೂ ಇರುವುದಿಲ್ಲ. ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಗೂ ಇದನ್ನು ಓದಿ ಹೇಳಿ.