ಚಳಿಯಲ್ಲಿ ಚಾಲೂ ಆಗದ ಹಳೆಯ ಕಸದ ವಾಹನ: ದುರಸ್ತಿಗೆ ಮುನ್ನ ದೋಷ ಪತ್ತೆ

ಚಳಿಗಾಲದಲ್ಲಿ ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯ ಮುಂದೆ ಬರುವ ದುರಸ್ತಿ ಬಿಲ್ಲುಗಳಲ್ಲಿ ಕಸ ಸಾಗಿಸುವ ವಾಹನದ್ದೂ ಒಂದಿರುವುದು ಅಪರೂಪವಲ್ಲ. ಬೆಳಿಗ್ಗೆ ಆರು ಗಂಟೆಗೆ ವಾಹನ ಚಾಲೂ ಆಗುವುದಿಲ್ಲ. ಹತ್ತಾರು ಬಾರಿ ಕೀಲಿ ತಿರುಗಿಸಿದ ಮೇಲೆ ಬಿಳಿಹೊಗೆ ಉಗುಳುತ್ತ, ಮಿಸ್ ಹೊಡೆಯುತ್ತ ಹೊರಡುತ್ತದೆ. ಎಂಟರ ಹೊತ್ತಿಗೆ ಏನೂ ಆಗದಂತೆ ಓಡುತ್ತದೆ. ಗ್ಯಾರೇಜಿಗೆ ಒಯ್ಯುವಾಗ ಇಂಜಿನ್ ಬಿಸಿಯಾಗಿರುವುದರಿಂದ ದೋಷ ಕಾಣಿಸುವುದೇ ಇಲ್ಲ. ಆಗ ಊಹೆಯ ಮೇಲೆ ಮೊದಲು ಬ್ಯಾಟರಿ, ಮುಂದಿನ ತಿಂಗಳು ಸೆಲ್ಫ್ ಮೋಟಾರ್, ಅನಂತರ ಡೀಸೆಲ್ ಪಂಪ್ ಬದಲಾಗುತ್ತವೆ. ದೋಷ ಮಾತ್ರ ಉಳಿಯುತ್ತದೆ. ಕಸವೂ ಬೀದಿಯಲ್ಲಿ ಉಳಿಯುತ್ತದೆ. ವಾಹನ ನಡೆಸುವ ಸ್ವಸಹಾಯ ಸಂಘದ ಮಹಿಳೆಯ ಮೇಲೆ ಅಜಾಗರೂಕತೆಯ ಆರೋಪವೂ ಬರುತ್ತದೆ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಚಳಿಯಲ್ಲಿ ತಣ್ಣಗಾದ ಲೋಹ ಈ ಶಾಖವನ್ನು ಹೀರಿಬಿಡುವುದರಿಂದ ಅನೇಕ ಹಳೆಯ ಸಣ್ಣ ಇಂಜಿನ್ನುಗಳಲ್ಲಿ ಪ್ರತಿ ಸಿಲಿಂಡರಿಗೆ ಒಂದು ಹೀಟರ್ ಪ್ಲಗ್ ಅಳವಡಿಸಿರುತ್ತಾರೆ. ಎರಡು ಸಿಲಿಂಡರಿನ ವಾಹನದಲ್ಲಿ ಒಂದು ಹೀಟರ್ ಪ್ಲಗ್ ಸುಟ್ಟುಹೋದರೆ ಇಂಜಿನ್ ಬಿಸಿಯಾಗುವವರೆಗೆ ಅರ್ಧ ಇಂಜಿನ್ನೇ ಕೆಲಸ ಮಾಡದು. ಚಾಲೂ ಆಗದಿರುವುದು, ಮಿಸ್ ಹೊಡೆಯುವುದು, ಬಿಳಿಹೊಗೆ ಈ ಮೂರಕ್ಕೂ ಆ ಒಂದೇ ಕಾರಣ ಸಾಕು.

ಆದುದರಿಂದ ವಾಹನವನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಮೊದಲ ಬಾರಿ ಕೀಲಿ ತಿರುಗಿಸುವಾಗಲೇ ಮೆಕ್ಯಾನಿಕ್ ಸ್ಥಳದಲ್ಲಿರತಕ್ಕದ್ದು. ಇಂಜಿನ್ ನಿಧಾನವಾಗಿ, ಏದುಸಿರು ಬಿಡುವಂತೆ ತಿರುಗಿದರೆ ದೋಷ ವಿದ್ಯುತ್ತಿನ ಕಡೆಯದು. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು ಸುಮಾರು 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಅನುಮಾನಾಸ್ಪದ. ಆದರೂ ಹೊಸ ಬ್ಯಾಟರಿಗೆ ಮಂಜೂರಾತಿ ನೀಡುವ ಮೊದಲು ಟರ್ಮಿನಲ್ಲುಗಳನ್ನೂ ಅರ್ಥ್ ತಂತಿಯ ತುದಿಯನ್ನೂ ಉಜ್ಜಿ ಬಿಗಿದು ಮತ್ತೊಮ್ಮೆ ನೋಡುವುದು ಒಳಿತು. ಆ ಕೆಲಸಕ್ಕೆ ಉಪ್ಪುಕಾಗದದ ಖರ್ಚಷ್ಟೇ.

ಇಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸೈಲೆನ್ಸರ್ ಕಡೆ ನೋಡತಕ್ಕದ್ದು. ಬಿಳಿಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ; ಮೊದಲು ಹೀಟರ್ ಪ್ಲಗ್‌ಗಳನ್ನೂ ಅವುಗಳ ರಿಲೇಯನ್ನೂ ಪರೀಕ್ಷಿಸಬೇಕು. ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಒಳ್ಳೆಯ ಪ್ಲಗ್ ಅತ್ಯಲ್ಪ ರೋಧವನ್ನೂ, ಸುಟ್ಟದ್ದು ಸರ್ಕ್ಯೂಟ್ ಕಡಿದಿರುವುದನ್ನೂ ತೋರಿಸುತ್ತದೆ. ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಬಿರುಕು ಬಿಟ್ಟ ರಬ್ಬರ್ ಪೈಪು, ಸವೆದ ವಾಷರ್ ಇವುಗಳ ಮೂಲಕ ಗಾಳಿ ಸೇರಿ ರಾತ್ರಿಯಲ್ಲಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗುವುದು ಹಳೆಯ ವಾಹನಗಳ ಸಾಮಾನ್ಯ ರೋಗ. ಕೈಪಂಪು ಒತ್ತಿ ಗಾಳಿ ತೆಗೆದೊಡನೆ ಚಾಲೂ ಆದರೆ ಅನುಮಾನ ಬಹುಮಟ್ಟಿಗೆ ನಿಶ್ಚಯವಾದಂತೆ. ಡೀಸೆಲ್ ಫಿಲ್ಟರಿನ ತಳದ ನೀರನ್ನೂ ಅದೇ ವೇಳೆ ಹೊರಬಿಡುವುದು.

ಬಿಸಿಯಾದ ಮೇಲೂ ಮಿಸ್ ಹೊಡೆಯುತ್ತಿದ್ದರೆ, ಯಾಂತ್ರಿಕ ಪಂಪ್ ಇರುವ ಇಂಜಿನ್ನಿನಲ್ಲಿ ಮೆಕ್ಯಾನಿಕನು ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟನ್ನು ತುಸು ಸಡಿಲಿಸಿ ಆಲಿಸುತ್ತಾನೆ. ಸಡಿಲಿಸಿದಾಗಲೂ ಇಂಜಿನ್ನಿನ ಸದ್ದು ಬದಲಾಗದಿದ್ದರೆ ಕೆಲಸ ಮಾಡದ ಸಿಲಿಂಡರ್ ಅದೇ. ಕಾಮನ್ ರೈಲ್ ಇಂಜಿನ್ನುಗಳಲ್ಲಿ ಈ ಪರೀಕ್ಷೆಯನ್ನು ಖಂಡಿತ ಮಾಡಕೂಡದು. ಅಲ್ಲಿನ ಗರಿಷ್ಠ ಒತ್ತಡ 1000 ಬಾರ್ ಮೀರುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಇಂಜೆಕ್ಟರನ್ನು ಬೆಂಚಿನ ಮೇಲೆ ಪರೀಕ್ಷಿಸಿ, ವಾಲ್ವ್ ಅಂತರ ನೋಡಿ, ಆಮೇಲೆ ಕಂಪ್ರೆಷನ್ ಅಳೆಯಬೇಕು. ಅಳತೆಯಿಲ್ಲದೆ ಇಂಜಿನ್ ಬಿಚ್ಚುವ ಮಾತಿಗೆ ಒಪ್ಪುವುದು ತರವಲ್ಲ.

ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಈಥರ್ ಸ್ಪ್ರೇ ಹೊಡೆದು ಚಾಲೂ ಮಾಡುವುದು ಅಪಾಯಕರ. ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು. ದಿನವೂ ತಳ್ಳಿ ಚಾಲೂ ಮಾಡುವುದರಿಂದ ದೋಷ ಮುಚ್ಚಿಹೋಗುತ್ತದೆ.

ಬೆಳಗಿನ ಮೊದಲ ಚಾಲನೆಗೆ ಎಷ್ಟು ಪ್ರಯತ್ನ ಬೇಕಾಯಿತು, ಹೊಗೆಯ ಬಣ್ಣ ಯಾವುದು ಎಂಬುದನ್ನು ಚಾಲಕರು ಲಾಗ್ ಪುಸ್ತಕದಲ್ಲಿ ಒಂದು ವಾರ ಬರೆದಿಟ್ಟರೆ ಮೆಕ್ಯಾನಿಕನ ಅರ್ಧ ಕೆಲಸ ಮುಗಿದಂತೆ. ಬಿಲ್ಲು ಮಂಡನೆಯಾದಾಗ ಬ್ಯಾಟರಿಯ ವೋಲ್ಟ್, ಹೀಟರ್ ಪ್ಲಗ್ ಪರೀಕ್ಷೆಯ ಫಲಿತಾಂಶ ಮತ್ತು ಬಿಚ್ಚಿದ ಹಳೆಯ ಬಿಡಿಭಾಗ ಈ ಮೂರನ್ನೂ ಸದಸ್ಯರು ಕೇಳಿ ನೋಡತಕ್ಕದ್ದು.